ಕುಲುಮೆಯ ಹುಡುಗ ‘ದೊಡ್ಡ ಮನುಷ್ಯ’ನಾದ ಕಥೆ

ಇಸ್ಪೀಟಿನಲ್ಲಿ ರಾಜ, ರಾಣಿಯರ ಕೆಳಗೆ ಬರುವ ಎಲೆಯನ್ನು ನಾವು ಗುಲಾಮ ಎನ್ನುತ್ತೇವೆ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಈ ಎಲೆಗೆ ಎರಡು ಹೆಸರಿದ್ದವು. ದೊಡ್ಡವರ ಮನೆಯ ದಿವಾನಖಾನೆಯಲ್ಲಿ ಅದು ‘ನೇವ್’. ಆಳುಕಾಳುಗಳ ಬಾಯಲ್ಲಿ ಅದು ‘ಜ್ಯಾಕ್’. ಎರಡಕ್ಕೂ ಇದ್ದ ಅರ್ಥ ಹೆಚ್ಚು ಕಡಿಮೆ ಒಂದೇ, ಸೇವಕ ಹುಡುಗ ಎಂದು. ಆದರೆ ಯಾರು ಯಾವ ಹೆಸರು ಹೇಳುತ್ತಾರೆ ಎಂಬುದರ ಮೇಲೆ ಅವರು ಯಾವ ಮೆಟ್ಟಿಲಿನವರು ಎಂದು ತಿಳಿದುಬಿಡುತ್ತಿತ್ತು.

ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ನಾಯಕ ಪಿಪ್‌ನ ಬದುಕು ತಿರುವು ಪಡೆಯುವುದು ಇಂಥ ಒಂದು ಎಲೆಯಿಂದ. ಕಮ್ಮಾರನ ಮನೆಯಲ್ಲಿ ಬೆಳೆದ ಈ ಅನಾಥ ಹುಡುಗನನ್ನು ಊರಿನ ಶ್ರೀಮಂತ ಮಹಿಳೆ ಮಿಸ್ ಹ್ಯಾವಿಶ್ಯಾಂ ಆಟವಾಡಲೆಂದು ಕರೆಸಿಕೊಳ್ಳುತ್ತಾಳೆ. ಅಲ್ಲಿ ಅವಳ ಸಾಕುಮಗಳು ಎಸ್ಟೆಲಾ ಅವನೊಂದಿಗೆ ಇಸ್ಪೀಟು ಆಡುತ್ತಾಳೆ. ಹುಡುಗ ಆ ಎಲೆಯನ್ನು ‘ಜ್ಯಾಕ್’ ಎಂದಾಗ ಅವಳು ನಗುತ್ತಾಳೆ. ಅವನ ಒರಟು ಕೈಗಳನ್ನೂ ದಪ್ಪ ಬೂಟುಗಳನ್ನೂ ಆಡಿಕೊಳ್ಳುತ್ತಾಳೆ. ಅಲ್ಲಿಯವರೆಗೆ ಅವನು ತನ್ನ ಕೈಗಳ ಬಗ್ಗೆ ಯೋಚಿಸಿಯೇ ಇರಲಿಲ್ಲ. ಆ ದಿನ ಮನೆಗೆ ನಡೆದುಕೊಂಡು ಹೋಗುವಾಗ ಅವನಿಗೆ ತನ್ನ ಕೈ, ತನ್ನ ಬೂಟು, ತನ್ನ ಮಾತು ಎಲ್ಲವೂ ಹೀನವಾಗಿ ಕಾಣುತ್ತವೆ. ಕೊನೆಗೆ ತನ್ನನ್ನು ಸಾಕಿದ ಭಾವ ಜೋ ಕೂಡ.

ಒಂದು ನಗು ಒಬ್ಬ ಹುಡುಗನನ್ನು ಎಷ್ಟು ದೂರ ಕೊಂಡೊಯ್ಯಬಲ್ಲದು, ಅವನು ಮನುಷ್ಯನಾಗಿ ಹಿಂತಿರುಗಲು ಎಷ್ಟು ಬೆಲೆ ತೆರಬೇಕಾಯಿತು ಎಂಬುದೇ ಈ ಕಾದಂಬರಿಯ ವಸ್ತು. ಇದು 1860ರ ಡಿಸೆಂಬರ್ 1ರಿಂದ 1861ರ ಆಗಸ್ಟ್ 3ರವರೆಗೆ ಡಿಕನ್ಸ್‌ನದೇ ವಾರಪತ್ರಿಕೆ ‘ಆಲ್ ದಿ ಇಯರ್ ರೌಂಡ್’ನಲ್ಲಿ 36 ಕಂತುಗಳಲ್ಲಿ ಪ್ರಕಟವಾಯಿತು. ಪತ್ರಿಕೆಯ ಬೆಲೆ ಎರಡು ಪೆನ್ನಿ. ಪತ್ರಿಕೆಯಲ್ಲಿ ಆಗ ಬರುತ್ತಿದ್ದ ಬೇರೊಬ್ಬರ ಧಾರಾವಾಹಿ ಓದುಗರಿಗೆ ಹಿಡಿಸದೆ ಮಾರಾಟ ಕುಸಿಯುತ್ತಿತ್ತು. ಅದನ್ನು ತಡೆಯಲು ಡಿಕನ್ಸ್ ತಾನು ಮಾಸಿಕ ಕಂತುಗಳಲ್ಲಿ ಬರೆಯಬೇಕೆಂದಿದ್ದ ಕಥೆಯನ್ನೇ ವಾರದ ಕಂತುಗಳಿಗೆ ಒಗ್ಗಿಸಿದ. ಅದೇ ಕಥೆ ಮೂರು ಸಂಪುಟಗಳ ಪುಸ್ತಕವಾಗಿ ಬಂದಾಗ ಬೆಲೆ 31 ಶಿಲಿಂಗ್ 6 ಪೆನ್ಸ್; ಹೊಲದಲ್ಲಿ ದುಡಿಯುವವನ ಸುಮಾರು ಮೂರು ವಾರಗಳ ಕೂಲಿ. ಅಂತಸ್ತಿನ ಕಥೆಯನ್ನು ಓದುವುದರಲ್ಲೂ ಹೀಗೆ ಅಂತಸ್ತು ಇತ್ತು.

ಯಾರು ಈ ‘ಜಂಟಲ್‌ಮನ್’?

ಕಾದಂಬರಿಯುದ್ದಕ್ಕೂ ಪಿಪ್ ಆಗಬಯಸುವುದು ‘ಜಂಟಲ್‌ಮನ್’. ಈ ಪದವನ್ನು ಸಭ್ಯ, ಸದ್ಗೃಹಸ್ಥ ಎಂದು ನಾವು ಕನ್ನಡಿಸಿಕೊಂಡರೂ ಅಂದಿನ ಇಂಗ್ಲೆಂಡಿನಲ್ಲಿ ಅದು ಮೊದಲಿಗೆ ಗುಣವಾಚಕವಾಗಿರಲಿಲ್ಲ, ಸ್ಥಾನವಾಚಕವಾಗಿತ್ತು. ಹುಟ್ಟಿನಿಂದ ಬಂದ ಮನೆತನ, ವಂಶಲಾಂಛನ, ಭೂಮಿ ಇದ್ದವನು ಜಂಟಲ್‌ಮನ್. ಎಲ್ಲಕ್ಕಿಂತ ಮುಖ್ಯವಾಗಿ, ಕೈಯಿಂದ ದುಡಿಯದೆ ಬದುಕಬಲ್ಲವನು ಜಂಟಲ್‌ಮನ್. ಪಾದ್ರಿ, ಸೇನಾಧಿಕಾರಿ, ಉನ್ನತ ನ್ಯಾಯಾಲಯದ ವಕೀಲ ಇವರಿಗೂ ಆ ಸಾಲಿನಲ್ಲಿ ಜಾಗವಿತ್ತು. ಸೇನೆಯಲ್ಲಿ ಅಧಿಕಾರಿ ಹುದ್ದೆಯನ್ನು 1871ರವರೆಗೂ ಹಣ ಕೊಟ್ಟು ಕೊಳ್ಳಬಹುದಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು.

ಈ ಲೆಕ್ಕಾಚಾರ ಎಷ್ಟು ವಿಚಿತ್ರವಾಗಿತ್ತು ಎಂಬುದನ್ನು ಡಿಕನ್ಸ್ ಒಂದು ಚಿಕ್ಕ ಪ್ರಸಂಗದಲ್ಲಿ ತೋರಿಸುತ್ತಾನೆ. ಮಿಸ್ ಹ್ಯಾವಿಶ್ಯಾಂಳ ತಂದೆ ಬಿಯರ್ ತಯಾರಿಸುತ್ತಿದ್ದವನು. ಆದರೂ ಅವನು ಜಂಟಲ್‌ಮನ್. ಬ್ರೆಡ್ ಸುಡುವವನು ಎಂದಿಗೂ ಆ ಸಾಲಿಗೆ ಸೇರಲಾರ, ಬಿಯರ್ ಕಾಸುವವನು ಸೇರಬಹುದು, ಕಾರಣ ಮಾತ್ರ ತನಗೆ ಗೊತ್ತಿಲ್ಲ ಎಂದು ಪಿಪ್‌ನ ಗೆಳೆಯ ಹರ್ಬರ್ಟ್ ವಿವರಿಸುತ್ತಾನೆ. ಅದೇ ಬಿಯರ್ ಮಾರುವ ಹೆಂಡದಂಗಡಿಯವನಿಗೆ ಆ ಗೌರವವಿಲ್ಲ ಎಂದೂ ಸೇರಿಸುತ್ತಾನೆ.

ಆದರೆ 19ನೇ ಶತಮಾನದ ನಡುಭಾಗಕ್ಕೆ ಈ ಗೋಡೆಗಳು ಅಲುಗಾಡತೊಡಗಿದ್ದವು. 1832ರ ಸುಧಾರಣಾ ಕಾಯ್ದೆ ಮಧ್ಯಮ ವರ್ಗದ ಗಂಡಸರಿಗೆ ಮತದಾನದ ಹಕ್ಕು ತಂದಿತ್ತು. ಕಾರ್ಖಾನೆ, ರೈಲು, ಬ್ಯಾಂಕುಗಳಿಂದ ಹೊಸ ಹಣವಂತರು ಹುಟ್ಟಿಕೊಂಡಿದ್ದರು. 1859ರಲ್ಲಿ, ಅಂದರೆ ಪಿಪ್‌ನ ಕಥೆ ಶುರುವಾಗುವ ಹಿಂದಿನ ವರ್ಷ, ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬಾತ ‘ಸೆಲ್ಫ್ ಹೆಲ್ಪ್’ ಎಂಬ ಪುಸ್ತಕ ಬರೆದ. ಕಷ್ಟಪಟ್ಟು ದುಡಿದು ಮೇಲೆ ಬಂದವರ ಜೀವನಚಿತ್ರಗಳ ಆ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಅದರ ಕೊನೆಯ ಅಧ್ಯಾಯ ನಿಜವಾದ ಜಂಟಲ್‌ಮನ್ ಯಾರು ಎಂಬುದರ ಬಗ್ಗೆಯೇ ಇದೆ. ಸಿರಿ, ಪದವಿಗಳಿಗೂ ಆ ಗುಣಕ್ಕೂ ನಂಟಿಲ್ಲ, ಬಡವನೂ ಜಂಟಲ್‌ಮನ್ ಆಗಬಲ್ಲ ಎಂಬುದು ಸ್ಮೈಲ್ಸ್‌ನ ವಾದ. ಇಡೀ ದೇಶ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯನ್ನೇ ಡಿಕನ್ಸ್ ಕೈಗೆತ್ತಿಕೊಂಡ. ಆದರೆ ಅವನ ಉತ್ತರ ಸ್ಮೈಲ್ಸ್‌ನಷ್ಟು ಸಲೀಸಾಗಿರಲಿಲ್ಲ.

ಲೇಖಕನ ಬಚ್ಚಿಟ್ಟ ಗಾಯ

ಅದಕ್ಕೆ ಕಾರಣ ಅವನ ಬಾಲ್ಯದಲ್ಲಿದೆ. 1812ರಲ್ಲಿ ಹುಟ್ಟಿದ ಡಿಕನ್ಸ್‌ನ ಅಜ್ಜ-ಅಜ್ಜಿ ಶ್ರೀಮಂತರೊಬ್ಬರ ಬಂಗಲೆಯಲ್ಲಿ ಕೆಲಸಕ್ಕಿದ್ದವರು. ತಂದೆ ಜಾನ್ ಡಿಕನ್ಸ್ ನೌಕಾದಳದ ವೇತನ ಕಚೇರಿಯಲ್ಲಿ ಗುಮಾಸ್ತ. ಬರುವ ಸಂಬಳಕ್ಕಿಂತ ಬಾಳುವ ರೀತಿ ದೊಡ್ಡದು. 1824ರಲ್ಲಿ ಒಬ್ಬ ಬ್ರೆಡ್ ವ್ಯಾಪಾರಿಗೆ ಕೊಡಬೇಕಿದ್ದ 40 ಪೌಂಡ್ ಸಾಲಕ್ಕಾಗಿ ಅವನನ್ನು ಲಂಡನ್ನಿನ ಮಾರ್ಷಲ್‌ಸೀ ಸೆರೆಮನೆಗೆ ಹಾಕಿದರು. ಅದೇ ಸಮಯದಲ್ಲಿ ಹನ್ನೆರಡು ವರ್ಷದ ಚಾರ್ಲ್ಸ್‌ನನ್ನು ಥೇಮ್ಸ್ ದಂಡೆಯ ಬೂಟ್ ಪಾಲಿಷ್ ಕಾರ್ಖಾನೆಗೆ ಕಳಿಸಲಾಯಿತು. ದಿನಕ್ಕೆ ಹತ್ತು ಗಂಟೆ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ, ವಾರಕ್ಕೆ ಆರು ಶಿಲಿಂಗ್ ಕೂಲಿ. ಕಾರ್ಖಾನೆ ಬೇರೆ ಕಟ್ಟಡಕ್ಕೆ ಹೋದ ಮೇಲೆ ಹುಡುಗರನ್ನು ಬೀದಿ ಕಡೆಯ ಕಿಟಕಿಯ ಬಳಿ ಕೂರಿಸುತ್ತಿದ್ದರು. ಅವರ ಕೈಚಳಕ ನೋಡಲು ದಾರಿಹೋಕರು ನಿಲ್ಲುತ್ತಿದ್ದರು.

ಕೆಲವು ತಿಂಗಳಲ್ಲಿ ತಂದೆ ಬಿಡುಗಡೆಯಾಗಿ ಹುಡುಗ ಮತ್ತೆ ಶಾಲೆಗೆ ಹೋದ. ಆದರೆ ಆ ಅವಮಾನವನ್ನು ಅವನು ಯಾರಿಗೂ ಹೇಳಲಿಲ್ಲ. ಇಂಗ್ಲೆಂಡಿನ ಅತ್ಯಂತ ಜನಪ್ರಿಯ ಲೇಖಕನಾದ ಮೇಲೂ ಅದನ್ನು ಬಿಚ್ಚಿಟ್ಟದ್ದು ಆಪ್ತಮಿತ್ರ ಜಾನ್ ಫಾರ್ಸ್ಟರ್‌ನ ಮುಂದೆ. 1870ರಲ್ಲಿ ಡಿಕನ್ಸ್ ತೀರಿಕೊಂಡ ನಂತರ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದಲೇ ಓದುಗರಿಗೆ ಈ ಸಂಗತಿ ತಿಳಿದದ್ದು. ಬಡವರ ಪಾಲಿನ ಲೇಖಕನೆಂದು ಜಗತ್ತೇ ಕೊಂಡಾಡಿದವನು ತಾನು ಬಡ ಹುಡುಗರ ಜತೆ ದುಡಿದೆನೆಂದು ಹೇಳಿಕೊಳ್ಳಲು ನಾಚಿದ! ಪಿಪ್‌ನ ನಾಚಿಕೆ ಎಲ್ಲಿಂದ ಬಂತು ಎಂದು ಬೇರೆ ಕೇಳಬೇಕಾಗಿಲ್ಲ.

ಕಾದಂಬರಿ ಬರೆದ ಜಾಗವೂ ಅರ್ಥಪೂರ್ಣವಾಗಿದೆ. ಕೆಂಟ್ ಪ್ರಾಂತ್ಯದ ರೋಚೆಸ್ಟರ್ ಬಳಿ ಗ್ಯಾಡ್ಸ್ ಹಿಲ್ ಪ್ಲೇಸ್ ಎಂಬ ಮನೆಯಿದೆ. ಚಿಕ್ಕಂದಿನಲ್ಲಿ ತಂದೆ ಅದನ್ನು ತೋರಿಸಿ, ಚೆನ್ನಾಗಿ ದುಡಿದರೆ ಒಂದು ದಿನ ಇಲ್ಲಿ ಇರಬಹುದು ಎಂದಿದ್ದನಂತೆ. 1856ರಲ್ಲಿ ಡಿಕನ್ಸ್ ಅದನ್ನು ಕೊಂಡೇಬಿಟ್ಟ. ಆ ಮನೆಯಲ್ಲಿ ಕುಳಿತು ಅವನು ಬರೆದದ್ದು ದೊಡ್ಡ ಆಸೆಗಳು ಹುಡುಗನೊಬ್ಬನನ್ನು ಏನು ಮಾಡುತ್ತವೆ ಎಂಬ ಕಥೆಯನ್ನು. ಅಲ್ಲಿಂದ ಕೆಲವೇ ಮೈಲಿ ದೂರದ ಕೂಲಿಂಗ್ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಎಳೆಯ ಮಕ್ಕಳ ಹದಿಮೂರು ಪುಟ್ಟ ಸಮಾಧಿಗಲ್ಲುಗಳು ಇಂದಿಗೂ ಇವೆ. ಕಾದಂಬರಿಯ ಮೊದಲ ಪುಟದಲ್ಲಿ ಪಿಪ್ ತನ್ನ ಸತ್ತ ತಮ್ಮಂದಿರ ಐದು ಸಮಾಧಿಗಳ ಮುಂದೆ ನಿಂತಿರುತ್ತಾನೆ.

ಮೇಲೇರಿದ ಹುಡುಗ, ಕೆಳಗುಳಿದ ಜೋ

ಕಥೆ ಶುರುವಾಗುವುದು 19ನೇ ಶತಮಾನದ ಆರಂಭದ ದಶಕಗಳಲ್ಲಿ. ಕ್ರಿಸ್‌ಮಸ್ ಹಿಂದಿನ ಸಂಜೆ ಜೌಗು ನೆಲದ ಸ್ಮಶಾನದಲ್ಲಿ ಕಾಲಬೇಡಿ ತೊಟ್ಟ ಕೈದಿಯೊಬ್ಬ ಪಿಪ್‌ನನ್ನು ಹಿಡಿದು ಬೆದರಿಸುತ್ತಾನೆ. ಹುಡುಗ ಹೆದರಿ ಮನೆಯಿಂದ ಊಟವನ್ನೂ ಕುಲುಮೆಯಿಂದ ಅರವನ್ನೂ ಕದ್ದು ತಂದುಕೊಡುತ್ತಾನೆ. ಕೈದಿ ಮತ್ತೆ ಸಿಕ್ಕಿಬೀಳುತ್ತಾನೆ. ವರ್ಷಗಳು ಕಳೆಯುತ್ತವೆ. ಪಿಪ್ ಜೋನ ಬಳಿ ಕಮ್ಮಾರಿಕೆ ಕಲಿಯಲು ಕರಾರಿನ ಮೇಲೆ ಸೇರುತ್ತಾನೆ. ನಾಲ್ಕನೆಯ ವರ್ಷ ಲಂಡನ್ನಿನಿಂದ ಜ್ಯಾಗರ್ಸ್ ಎಂಬ ವಕೀಲ ಬರುತ್ತಾನೆ. ಹೆಸರು ಹೇಳಲೊಲ್ಲದ ಯಾರೋ ಪಿಪ್‌ಗೆ ದೊಡ್ಡ ಆಸ್ತಿ ಬಿಟ್ಟುಕೊಡಲಿದ್ದಾರೆ, ಅವನು ಲಂಡನ್ನಿಗೆ ಹೋಗಿ ಜಂಟಲ್‌ಮನ್ ಆಗಬೇಕು ಎಂಬ ಸುದ್ದಿ. ಇದು ಮಿಸ್ ಹ್ಯಾವಿಶ್ಯಾಂಳದೇ ಕೃಪೆ, ಎಸ್ಟೆಲಾ ತನಗೇ ಎಂದು ಪಿಪ್ ತಾನೇ ಊಹಿಸಿಕೊಳ್ಳುತ್ತಾನೆ.

ಹುಡುಗನನ್ನು ಬಿಟ್ಟುಕೊಡುವುದಕ್ಕೆ ಪರಿಹಾರ ಬೇಕೇ ಎಂದು ವಕೀಲ ಜೋನನ್ನು ಕೇಳುತ್ತಾನೆ. ಜೋ ಸಿಟ್ಟಿಗೇಳುತ್ತಾನೆ. ಮಗುವಿನಂತೆ ಸಾಕಿದವನಿಗೆ ಬೆಲೆ ಕಟ್ಟುವುದು ಅವನ ಲೆಕ್ಕದಲ್ಲೇ ಇಲ್ಲ. ಪೇಟೆಯಲ್ಲಿ ಮಾತ್ರ ಬೆಲೆ ಕಟ್ಟುವ ಕೆಲಸ ಕೂಡಲೇ ಶುರುವಾಗುತ್ತದೆ. ಕಮ್ಮಾರನ ಹುಡುಗನೆಂದು ಸಸಾರ ಮಾಡಿದ್ದ ದರ್ಜಿ ಹಣದ ಸುದ್ದಿ ಕೇಳುತ್ತಲೇ ನಡು ಬಗ್ಗಿಸುತ್ತಾನೆ. ಧಾನ್ಯದ ವ್ಯಾಪಾರಿ ಪಂಬಲ್‌ಚುಕ್ ಹುಡುಗನ ಕೈ ಹಿಡಿದು ಬಿಡುವುದೇ ಇಲ್ಲ. ದರ್ಜಿಯ ಅಂಗಡಿಯ ಹುಡುಗನೊಬ್ಬ ಮಾತ್ರ ಮುಂದೊಂದು ದಿನ ನಡುಬೀದಿಯಲ್ಲಿ ಪಿಪ್‌ನ ಠೀವಿಯನ್ನು ಅಣಕಿಸಿ ಇಡೀ ಬೀದಿಯನ್ನು ನಗಿಸುತ್ತಾನೆ.

ಲಂಡನ್ನಿನಲ್ಲಿ ಪಿಪ್ ಕಲಿಯುವ ಮೊದಲ ಪಾಠ ಊಟದ್ದು. ಚಾಕುವನ್ನು ಬಾಯಿಗೆ ಹಾಕಬಾರದು ಎಂದು ಹರ್ಬರ್ಟ್ ನೋಯದಂತೆ ತಿಳಿಸಿಕೊಡುತ್ತಾನೆ. ಆಮೇಲೆ ಬಟ್ಟೆ, ಕ್ಲಬ್ಬು, ಸಾಲ. ಇಪ್ಪತ್ತೊಂದು ತುಂಬಿದಾಗ ವರ್ಷಕ್ಕೆ 500 ಪೌಂಡ್ ನಿಗದಿಯಾದರೂ ಸಾಲ ಬೆಳೆಯುತ್ತಲೇ ಹೋಗುತ್ತದೆ.

ಈ ಕಾದಂಬರಿಯಲ್ಲಿ ಎಲ್ಲಕ್ಕಿಂತ ಮನ ಕಲಕುವ ಭಾಗ ಜೋ ಲಂಡನ್ನಿಗೆ ಬರುವುದು. ಅವನು ಬರುತ್ತಾನೆಂದು ತಿಳಿದಾಗ ಪಿಪ್‌ಗೆ ಸಂತೋಷವಾಗುವುದಿಲ್ಲ, ಕಿರಿಕಿರಿಯಾಗುತ್ತದೆ. ಹಣ ಕೊಟ್ಟು ತಡೆಯುವಂತಿದ್ದರೆ ತಡೆಯುತ್ತಿದ್ದೆ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಮೈಗೊಗ್ಗದ ಹಬ್ಬದ ಬಟ್ಟೆಯಲ್ಲಿ ಬಂದ ಜೋ ತನ್ನ ಟೊಪ್ಪಿಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಲೆಗೂಡಿನ ಮೇಲಿಡುತ್ತಾನೆ. ಅದು ಮತ್ತೆ ಮತ್ತೆ ಬೀಳುತ್ತದೆ. ತಾನು ಎತ್ತಿ ಆಡಿಸಿದ ಹುಡುಗನನ್ನೇ ಒಮ್ಮೊಮ್ಮೆ ‘ಸರ್’ ಎನ್ನುತ್ತಾನೆ. ಹೊರಡುವಾಗ ಅವನು ಯಾರನ್ನೂ ದೂರುವುದಿಲ್ಲ. ಈ ಬಟ್ಟೆಯಲ್ಲಿ ತಾನು ಸರಿ ಕಾಣುವುದಿಲ್ಲ, ಕುಲುಮೆಯಲ್ಲಿ ಸುತ್ತಿಗೆ ಹಿಡಿದಾಗ ನೋಡಿದರೆ ಇಷ್ಟು ತಪ್ಪು ಕಾಣದು ಎಂಬರ್ಥದ ಮಾತಾಡಿ ಹೊರಟುಹೋಗುತ್ತಾನೆ. ಪಿಪ್ ಎಚ್ಚೆತ್ತು ಬೀದಿಗೆ ಓಡುವಷ್ಟರಲ್ಲಿ ಜೋ ಇಲ್ಲ. ಮರುದಿನ ಪಿಪ್ ಊರಿಗೆ ಹೋಗುತ್ತಾನೆ. ಹೋದವನು ಜೋನ ಮನೆಯಲ್ಲಿ ಇಳಿಯದೆ ಹೋಟೆಲಿನಲ್ಲಿ ಇಳಿಯುತ್ತಾನೆ. ಹಾಸ್ಟೆಲಿನ ಬಾಗಿಲಲ್ಲಿ ಹಳ್ಳಿಯ ಅಪ್ಪನನ್ನು ಕಂಡು ಒಂದು ಕ್ಷಣ ಅಳುಕಿದ ಯಾರಿಗೂ ಈ ಅಧ್ಯಾಯ ವಿಕ್ಟೋರಿಯಾ ಕಾಲದ್ದೆಂದು ಅನ್ನಿಸಲಾರದು.

ಹಣದ ಮೂಲ

ಪಿಪ್‌ಗೆ ಇಪ್ಪತ್ತಮೂರು ವರ್ಷವಾದಾಗ ಒಂದು ಮಳೆಯ ರಾತ್ರಿ ಮುದುಕನೊಬ್ಬ ಮೆಟ್ಟಿಲೇರಿ ಬರುತ್ತಾನೆ. ಅವನೇ ಅಂದಿನ ಕೈದಿ ಮ್ಯಾಗ್ವಿಚ್. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಗಡೀಪಾರಾಗಿ, ಅಲ್ಲಿ ಕುರಿ ಸಾಕಿ ಹಣ ಮಾಡಿ, ತನಗೆ ಊಟ ಕೊಟ್ಟ ಹುಡುಗನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿದವನು ಅವನೇ.

ಇದು ಬರಿಯ ಕಥೆಯ ತಿರುವಲ್ಲ, ಇದರ ಹಿಂದೆ ಗಟ್ಟಿ ಚರಿತ್ರೆಯಿದೆ. 1788ರಿಂದ 1868ರವರೆಗೆ ಬ್ರಿಟನ್ ಸುಮಾರು 1,60,000 ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿತು. ಅದಕ್ಕೆ ಮುನ್ನ ಅವರನ್ನು ಥೇಮ್ಸ್, ಮೆಡ್‌ವೇ ನದಿಗಳಲ್ಲಿ ನಿಲ್ಲಿಸಿದ್ದ ಹಳೆಯ ಹಡಗುಗಳಲ್ಲಿ ಕೂಡಿಹಾಕುತ್ತಿದ್ದರು. ಡಿಕನ್ಸ್ ಬಾಲ್ಯ ಕಳೆದದ್ದು ಮೆಡ್‌ವೇ ದಂಡೆಯ ಚಾಥಂನಲ್ಲಿ. ಶಿಕ್ಷೆ ಮುಗಿಯದೆ ಮರಳಿದವನಿಗೆ 1834ರವರೆಗೂ ಕಾನೂನಿನಲ್ಲಿ ಮರಣದಂಡನೆಯಿತ್ತು. ಇದೇ ಮಾದರಿಯ ಶಿಕ್ಷೆಯನ್ನು 1858ರಿಂದ ಬ್ರಿಟಿಷರು ಅಂಡಮಾನಿನಲ್ಲಿ ಭಾರತೀಯರಿಗೂ ವಿಧಿಸಿದರು. ಅದನ್ನೇ ನಾವು ಕರಿನೀರಿನ ಶಿಕ್ಷೆ ಎಂದು ಕರೆದದ್ದು. ಲಂಡನ್ನಿನ ನಾಜೂಕಿನ ಬದುಕಿಗೂ ದೂರದ ವಸಾಹತಿಗೂ ಇರುವ ಈ ನಂಟನ್ನು ವಿಮರ್ಶಕ ಎಡ್ವರ್ಡ್ ಸಯೀದ್ 1993ರಲ್ಲಿ ತನ್ನ ‘ಕಲ್ಚರ್ ಅಂಡ್ ಇಂಪೀರಿಯಲಿಸಂ’ನ ಪೀಠಿಕೆಯಲ್ಲಿಯೇ ಚರ್ಚಿಸಿದ. ಆಸ್ಟ್ರೇಲಿಯಾದ ಪೀಟರ್ ಕ್ಯಾರಿ 1997ರಲ್ಲಿ ‘ಜ್ಯಾಕ್ ಮ್ಯಾಗ್ಸ್’ ಕಾದಂಬರಿಯಲ್ಲಿ ಕೈದಿಯ ಕಣ್ಣಿನಿಂದಲೇ ಈ ಕಥೆಯನ್ನು ಹೊಸದಾಗಿ ಹೇಳಿದ.

ಮ್ಯಾಗ್ವಿಚ್‌ನ ಹಿಂದಿನ ಕಥೆಯಲ್ಲಿ ವರ್ಗವೇ ತೀರ್ಪು ಬರೆದಿದೆ. ಅವನೂ ಕಾಂಪೀಸನ್ ಎಂಬ ಓದಿದ, ಒಳ್ಳೆಯ ಉಡುಪಿನ ವಂಚಕನೂ ಒಂದೇ ಅಪರಾಧಕ್ಕಾಗಿ ಕಟಕಟೆಯಲ್ಲಿ ನಿಂತಿದ್ದರು. ಸಂಚು ಹೂಡಿದ್ದು ಕಾಂಪೀಸನ್. ಆದರೆ ಅವನ ಗುಂಗುರು ಕೂದಲು, ಬಿಳಿ ಕರವಸ್ತ್ರ, ಮಾತಿನ ಧಾಟಿ ನೋಡಿದ ನ್ಯಾಯಾಲಯ ಅವನಿಗೆ ಏಳು ವರ್ಷ ಕೊಟ್ಟು, ಮ್ಯಾಗ್ವಿಚ್‌ಗೆ ಹದಿನಾಲ್ಕು ವರ್ಷ ಕೊಟ್ಟಿತು. ವಸಾಹತಿನಲ್ಲಿ ಕುದುರೆಯೇರಿ ಹೋಗುವವರ ಧೂಳು ತನ್ನ ಮೇಲೆ ಬಿದ್ದಾಗಲೆಲ್ಲ, ನಿಮಗಿಂತ ಮೇಲಾದ ಜಂಟಲ್‌ಮನ್ ಒಬ್ಬನನ್ನು ನಾನೇ ತಯಾರು ಮಾಡುತ್ತಿದ್ದೇನೆ ಎಂದು ಅವನು ಸಮಾಧಾನ ಮಾಡಿಕೊಳ್ಳುತ್ತಿದ್ದನಂತೆ. ಉಪಕಾರ ಸ್ಮರಣೆಯೂ ಸೇಡೂ ಅವನಲ್ಲಿ ಬೆರೆತಿವೆ.

ಪಿಪ್‌ಗೆ ಮೊದಲು ಹುಟ್ಟುವುದು ಅಸಹ್ಯ. ತನ್ನ ನಾಜೂಕಿನ ಬದುಕೆಲ್ಲ ಒಬ್ಬ ಕೈದಿಯ ಬೆವರಿನ ಮೇಲೆ ನಿಂತಿತ್ತಲ್ಲ ಎಂಬ ದಿಗಿಲು. ಮುಂದೆ ಇನ್ನೊಂದು ಸತ್ಯ ತೆರೆದುಕೊಳ್ಳುತ್ತದೆ. ತನ್ನನ್ನು ‘ಜ್ಯಾಕ್’ ಎಂದದ್ದಕ್ಕೆ ನಕ್ಕ ಎಸ್ಟೆಲಾ, ತಾನು ಏಣಿಯ ತುದಿಯಲ್ಲಿ ಕಂಡ ಎಸ್ಟೆಲಾ, ಇದೇ ಮ್ಯಾಗ್ವಿಚ್‌ನ ಮಗಳು! ಏಣಿಯ ತುದಿಯೂ ಬುಡವೂ ಒಂದೇ ನೆಲದಲ್ಲಿ ಊರಿವೆ.

ಬೆಳವಣಿಗೆ ಎಂದರೇನು?

ಎಳೆಯನೊಬ್ಬ ತಪ್ಪುತ್ತ, ಕಲಿಯುತ್ತ ಪ್ರೌಢನಾಗುವ ಬಗೆಯ ಕಾದಂಬರಿಗೆ ಜರ್ಮನಿಯಲ್ಲಿ ‘ಬಿಲ್ಡುಂಗ್ಸ್‌ರೊಮಾನ್’ ಎಂಬ ಹೆಸರಿದೆ. ಗಯಟೆಯ ‘ವಿಲ್ಹೆಲ್ಮ್ ಮೈಸ್ಟರ್’ (1795-96) ಅದರ ಹಿರಿಯ ಮಾದರಿ. ಡಿಕನ್ಸ್ 1850ರಲ್ಲಿ ಮುಗಿಸಿದ ‘ಡೇವಿಡ್ ಕಾಪರ್‌ಫೀಲ್ಡ್’ ಕೂಡ ಇದೇ ಜಾತಿಯದು. ಹಳೆಯದೇ ಮರುಕಳಿಸದಿರಲೆಂದು ಪಿಪ್‌ನ ಕಥೆ ಬರೆಯುವ ಮೊದಲು ಅವನು ಅದನ್ನು ಮತ್ತೊಮ್ಮೆ ಓದಿಕೊಂಡ. ಎರಡರ ನಡುವೆ ದೊಡ್ಡ ವ್ಯತ್ಯಾಸವಿದೆ. ಡೇವಿಡ್ ಕಷ್ಟಪಟ್ಟು ಮೇಲೇರುತ್ತ ಬೆಳೆಯುತ್ತಾನೆ. ಪಿಪ್ ಮೇಲೇರುವಾಗ ಕುಗ್ಗುತ್ತಾನೆ, ಕೆಳಗಿಳಿಯುವಾಗ ಬೆಳೆಯುತ್ತಾನೆ.

ಈ ಬೆಳವಣಿಗೆ ಉಪದೇಶದಲ್ಲಿ ಬರುವುದಿಲ್ಲ, ಸಣ್ಣ ಸಣ್ಣ ಕೆಲಸಗಳಲ್ಲಿ ಬರುತ್ತದೆ. ಹರ್ಬರ್ಟ್‌ಗೆ ತಿಳಿಯದಂತೆ ಅವನಿಗೊಂದು ವ್ಯಾಪಾರದಲ್ಲಿ ಪಾಲು ಕೊಡಿಸುವುದು ಮೊದಲನೆಯದು. ಆಮೇಲೆ ಮ್ಯಾಗ್ವಿಚ್‌ನನ್ನು ದೋಣಿಯಲ್ಲಿ ದೇಶದಿಂದ ಪಾರುಮಾಡಲು ಹೋಗಿ ಸೋಲುವುದು. ಕೊನೆಗೆ ನ್ಯಾಯಾಲಯದಲ್ಲಿ ಎಲ್ಲರ ಮುಂದೆ ಅದೇ ಕೈದಿಯ ಕೈ ಹಿಡಿದು ನಿಲ್ಲುವುದು. ಒಂದು ಕಾಲಕ್ಕೆ ಜೋನ ಜತೆ ಕಾಣಿಸಿಕೊಳ್ಳಲು ನಾಚಿದ ಹುಡುಗ ಇವನೇ. ಆ ದಿನ ಮೂವತ್ತೆರಡು ಮಂದಿ ಗಂಡಸರು, ಹೆಂಗಸರಿಗೆ ಒಟ್ಟಿಗೆ ಮರಣದಂಡನೆ ವಿಧಿಸಲಾಗುತ್ತದೆ. ಗಲ್ಲಿಗೇರುವ ಮೊದಲೇ ಮ್ಯಾಗ್ವಿಚ್ ಸೆರೆಮನೆಯ ಆಸ್ಪತ್ರೆಯಲ್ಲಿ ಸಾಯುತ್ತಾನೆ. ಕಳೆದುಹೋಗಿದ್ದ ಮಗಳು ಬದುಕಿದ್ದಾಳೆಂದು ಪಿಪ್ ಅವನ ಕಿವಿಯಲ್ಲಿ ಹೇಳುತ್ತಾನೆ. ಘೋರ ಅಪರಾಧಿಯ ಆಸ್ತಿ ಸರ್ಕಾರಕ್ಕೆ ಸೇರಬೇಕೆಂಬ ಕಾನೂನು 1870ರವರೆಗೂ ಇತ್ತು. ಹೀಗಾಗಿ ಪಿಪ್‌ಗೆ ಒಂದು ಕಾಸೂ ಉಳಿಯುವುದಿಲ್ಲ.

ಸಾಲಕ್ಕಾಗಿ ಬಂಧಿಸಲು ಜನ ಬಂದಾಗ ಪಿಪ್ ಜ್ವರದಿಂದ ಎಚ್ಚರ ತಪ್ಪಿ ಬಿದ್ದಿರುತ್ತಾನೆ. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಜೋ. ವಾರಗಟ್ಟಲೆ ಆರೈಕೆ ಮಾಡಿ, ಸಾಲವನ್ನೂ ತೀರಿಸಿ, ಹುಡುಗನಿಗೆ ಮುಜುಗರವಾಗದಿರಲೆಂದು ಹೇಳದೆ ಹೊರಟುಹೋಗುತ್ತಾನೆ. ಜಂಟಲ್‌ಮನ್ ಯಾರು ಎಂಬ ಪ್ರಶ್ನೆಗೆ ಡಿಕನ್ಸ್‌ನ ಉತ್ತರ ಇಲ್ಲಿದೆ. ಅಕ್ಷರವನ್ನೂ ತಡವಾಗಿ ಕಲಿತ ಕಮ್ಮಾರನಲ್ಲಿ ಅದು ಮೊದಲ ಪುಟದಿಂದಲೂ ಇತ್ತು. ಗುರುತಿಸುವ ಕಣ್ಣು ಪಿಪ್‌ಗೆ ಬರಲು ಇಷ್ಟು ವರ್ಷ ಬೇಕಾಯಿತು.

ಆದರೂ ಡಿಕನ್ಸ್‌ನನ್ನು ಪೂರಾ ಒಪ್ಪಿಕೊಳ್ಳುವ ಮುನ್ನ ಕೆಲವು ಪ್ರಶ್ನೆಗಳು ಉಳಿಯುತ್ತವೆ. ಪಿಪ್ ಮತ್ತೆ ಕುಲುಮೆಗೆ ಹೋಗುವುದಿಲ್ಲ. ಹರ್ಬರ್ಟ್‌ನ ಸಂಸ್ಥೆಯಲ್ಲಿ ಗುಮಾಸ್ತನಾಗಿ ಕೈರೋಗೆ ಹೋಗಿ, ದುಡಿದು, ಮುಂದೆ ಪಾಲುದಾರನಾಗುತ್ತಾನೆ. ಅಂದರೆ ಮಧ್ಯಮ ವರ್ಗದ ಮೆಟ್ಟಿಲು ಅವನಿಗೆ ಉಳಿಯುತ್ತದೆ. ಅದೇ ಕುಲುಮೆಯಲ್ಲಿ ಕೂಲಿಗಿದ್ದ ಆರ್ಲಿಕ್‌ಗೆ ಯಾವ ಆಸೆಯೂ ಯಾವ ಬೆಳವಣಿಗೆಯೂ ದಕ್ಕುವುದಿಲ್ಲ. ಅವನು ಹಗೆ ಕಾಯುವ ಕೇಡಿಗನಾಗಿಯೇ ಉಳಿಯುತ್ತಾನೆ. ಎಸ್ಟೆಲಾ ಶ್ರೀಮಂತ ಮನೆತನದ ಒರಟನನ್ನು ಮದುವೆಯಾಗಿ ಹೊಡೆತ ತಿನ್ನುತ್ತಾಳೆ. ವಿವಾಹಿತ ಹೆಣ್ಣಿಗೆ ತನ್ನ ಆಸ್ತಿಯ ಮೇಲೆ ಹಕ್ಕು ಬಂದದ್ದು 1870 ಮತ್ತು 1882ರ ಕಾಯ್ದೆಗಳಿಂದ. ಅವಳ ಪಾಲಿಗೆ ಬೆಳವಣಿಗೆ ಎಂದರೆ ಸಹಿಸಿ ಮೆತ್ತಗಾಗುವುದು ಎಂಬಂತೆ ಡಿಕನ್ಸ್ ಬರೆದುಬಿಟ್ಟಿದ್ದಾನೆ.

ಕೊನೆಯ ಬಗ್ಗೆ ಅವನಿಗೇ ಅನುಮಾನವಿತ್ತು. ಮೊದಲು ಬರೆದ ಮುಕ್ತಾಯದಲ್ಲಿ ಎಸ್ಟೆಲಾ ವೈದ್ಯನೊಬ್ಬನನ್ನು ಮರುಮದುವೆಯಾಗಿರುತ್ತಾಳೆ. ಲಂಡನ್ನಿನ ಬೀದಿಯಲ್ಲಿ ಅಕಸ್ಮಾತ್ ಭೇಟಿಯಾದ ಇಬ್ಬರೂ ಎರಡು ಮಾತಾಡಿ ಬೇರೆಯಾಗುತ್ತಾರೆ. ಗೆಳೆಯ ಲೇಖಕ ಬುಲ್ವರ್ ಲಿಟ್ಟನ್‌ನ ಒತ್ತಾಯಕ್ಕೆ ಡಿಕನ್ಸ್ ಅದನ್ನು ಬದಲಿಸಿ, ಪಾಳುಬಿದ್ದ ಹ್ಯಾವಿಶ್ಯಾಂ ಮನೆಯ ಅಂಗಳದಲ್ಲಿ ಇಬ್ಬರನ್ನೂ ಸೇರಿಸಿದ. ಹಳೆಯ ಮುಕ್ತಾಯ ಫಾರ್ಸ್ಟರ್‌ನ ಪುಸ್ತಕದ ಮೂಲಕ ಬೆಳಕಿಗೆ ಬಂತು. ಯಾವುದು ಮೇಲು ಎಂಬ ವಾದ ಇಂದಿಗೂ ನಡೆದೇ ಇದೆ.

ಡಿಕನ್ಸ್‌ನ ತಂದೆಯನ್ನು ಕೂಡಿಹಾಕಿದ್ದ ಮಾರ್ಷಲ್‌ಸೀ 1842ರಲ್ಲೇ ಮುಚ್ಚಿತು. ಕೈದಿಗಳ ಕೊನೆಯ ಹಡಗು 1868ರಲ್ಲಿ ಆಸ್ಟ್ರೇಲಿಯಾ ತಲುಪಿತು. ‘ಜ್ಯಾಕ್’ ಎಂದರೆ ಈಗ ಇಂಗ್ಲೆಂಡಿನಲ್ಲೂ ಯಾರೂ ನಗುವುದಿಲ್ಲ. ಎಲ್ಲರ ನಾಲಗೆಯ ಮೇಲೂ ಆ ಹೆಸರೇ ನಿಂತಿದೆ. ಆದರೆ ಒಂದು ಉಚ್ಚಾರಣೆ, ಒಂದು ಬೂಟು, ಊಟ ಮಾಡುವ ಒಂದು ರೀತಿಯಿಂದ ಮನುಷ್ಯನನ್ನು ಅಳೆಯುವ ಚಾಳಿ ಬಿಟ್ಟುಹೋಗಿದೆಯೇ? ಇಲ್ಲವೆಂದಾದರೆ ಜೋನ ಟೊಪ್ಪಿಗೆ ಇನ್ನೂ ಕೆಳಗೆ ಬೀಳುತ್ತಲೇ ಇದೆ. ಅದನ್ನು ಎತ್ತಿಕೊಡುವವರು ಯಾರು ಎಂಬುದು ನಮಗೆ ಬಿಟ್ಟದ್ದು.